ಎಕ್ಸಾಕ್ಟ್ ಮೀಮಾಂಸೆ, ಅಥವಾ ದೊಡ್ಡಕ್ಷರ–ಸಣ್ಣಕ್ಷರ ಭೇದವಿಚಾರ

ಎಕ್ಸೆಲ್ ಹಾಳೆಯಲ್ಲಿ ಎರಡು ದರ್ಶನಗಳು ಪ್ರಚಲಿತವಾಗಿರುವುದು ವಿದ್ವಜ್ಜನರಿಗೆ ವಿದಿತವೇ. ಸಮಚಿಹ್ನೆಯದು ಅದ್ವೈತ. ಇಂಗ್ಲಿಷ್ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಿರಿ, ಸಣ್ಣಕ್ಷರದಲ್ಲಿ ಬರೆಯಿರಿ, ಎರಡೂ ಒಂದೇ ಎಂದು ‘ಟ್ರೂ’ ನುಡಿದು ಸುಮ್ಮನಾಗುತ್ತದೆ. ವಿಲುಕಪ್, ಮ್ಯಾಚ್ ಇವೂ ಅದೇ ಪರಂಪರೆಯ ಶಿಷ್ಯರು. ಎಕ್ಸಾಕ್ಟ್ ಎಂಬ ಫಂಕ್ಷನ್ ಮಾತ್ರ ಕಟ್ಟಾ ದ್ವೈತಿ. ಮಧ್ವಾಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದ ಒಂದಷ್ಟೆ. ದೊಡ್ಡ ‘ಎ’ಗೂ ಸಣ್ಣ ‘ಎ’ಗೂ ಇರುವುದು ಅದೇ ಎಂದು ಈ ಅಲ್ಪಮತಿಯ ಅಭಿಪ್ರಾಯ.

ಪ್ರಮಾಣವೇನು? ಆಸ್ಕಿ ಸಂಕೇತದಲ್ಲಿ ದೊಡ್ಡದರ ಸಂಖ್ಯೆ 65, ಸಣ್ಣದರದು 97. ಅಂತರ 32, ಬೈನರಿಯಲ್ಲಿ ನೋಡಿದರೆ ಒಂದೇ ಒಂದು ಬಿಟ್. ಆದರೆ 1963ರ ಆಸ್ಕಿಯಲ್ಲಿ ಸಣ್ಣಕ್ಷರಗಳೇ ಇರಲಿಲ್ಲ, 1967ರಲ್ಲಿ ಸೇರಿದವು. ಹೀಗಾಗಿ ಈ ಭೇದವನ್ನು ಅನಾದಿ ಎನ್ನುವಂತಿಲ್ಲ. (ಪ್ರತಿವಾದಿಗಳು ಈ ವಾಕ್ಯವನ್ನು ಬಿಟ್ಟು ಓದಬೇಕು.)

ಈಗ ಫಾರ್ಮಿನ ಪ್ರಕರಣ. ಅರ್ಜಿದಾರ ತುಂಬಿದ ಪ್ಯಾನ್ ಸಂಖ್ಯೆಯನ್ನು ಕಚೇರಿಯ ಪಟ್ಟಿಗೆ ಹೋಲಿಸಲು ಸೂತ್ರಕಾರರು ‘ಇಫ್’ನ ಹೊಟ್ಟೆಯಲ್ಲಿ ಎಕ್ಸಾಕ್ಟನ್ನು ಕೂರಿಸುತ್ತಾರೆ. ಪ್ಯಾನಿನ 10 ಸ್ಥಾನಗಳಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನಾಲ್ಕನೆಯ ಅಕ್ಷರ ‘ಪಿ’ ಆಗಿದ್ದರೆ ಆತ ವ್ಯಕ್ತಿ, ‘ಸಿ’ ಆಗಿದ್ದರೆ ಅದು ಕಂಪನಿ. ‘ಪಿ’ ಸಣ್ಣದಾದ ಮಾತ್ರಕ್ಕೆ ಮನುಷ್ಯ ಮನುಷ್ಯನಲ್ಲದೆ ಹೋಗುತ್ತಾನೆಯೆ? ಎಕ್ಸಾಕ್ಟಿಗೆ ಆ ದಾಕ್ಷಿಣ್ಯವಿಲ್ಲ. ‘ಫಾಲ್ಸ್’ ಎನ್ನುತ್ತದೆ, ಅರ್ಜಿ ವಾಪಸು ಬರುತ್ತದೆ. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದಿದ್ದರೂ ಇದೇ ಗತಿ. ಅಕ್ಷರ ದಪ್ಪಗಿದೆಯೆ, ಕೆಂಪಗಿದೆಯೆ ಎಂಬ ಬಾಹ್ಯಾಡಂಬರಕ್ಕೆ ಮಾತ್ರ ಅದು ಸೊಪ್ಪು ಹಾಕುವುದಿಲ್ಲ. ಇದು ಅದರ ವೈರಾಗ್ಯ.

ಇಲ್ಲಿ ಪೂರ್ವಪಕ್ಷ: ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೇ ಇಲ್ಲ, ನಮಗೇಕೆ ಈ ಜಗಳ? ಅಲ್ಪಪ್ರಾಣ ಮಹಾಪ್ರಾಣಗಳನ್ನು ಎಳೆದು ತರುವವರಿದ್ದಾರೆ. ಅವು ಬೇರೆ ಬೇರೆ ಅಕ್ಷರಗಳೇ ಆದ್ದರಿಂದ ಆ ವಾದ ಸಲ್ಲದು. ಆದರೂ ಜಗಳ ನಮ್ಮಲ್ಲೂ ಇದೆ, ‘ಕೊಪ್ಪಳ’ವನ್ನೇ ನೋಡಿ. ಯುನಿಕೋಡಿನಲ್ಲಿ ಅದರ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊಕಾರದ ಕೊಂಬು ಸೇರಿ ಎರಡಾಗಿಯೂ ಇರಬಹುದು. ಇವೆರಡೂ ಸಮಾನವೆಂದು ಯುನಿಕೋಡೇ ಸಾರಿದೆ. ಆದರೂ ಸಂಕೇತಗಳನ್ನು ಒಂದೊಂದಾಗಿ ತಾಳೆ ನೋಡುವ ಯಂತ್ರದ ಪಾಲಿಗೆ ಇವು ಎರಡು ಕೊಪ್ಪಳಗಳು. ಜಿಲ್ಲೆಯಿರುವುದು ಒಂದೇ.

ಸಿದ್ಧಾಂತ: ಭೇದ ಸತ್ಯ, ಆದರೆ ಎಲ್ಲೆಡೆ ಅಲ್ಲ. ಯೂಟ್ಯೂಬ್ ವಿಡಿಯೋದ ಗುರುತಿಗೂ 11 ಸ್ಥಾನ, ಬ್ಯಾಂಕಿನ ಐಎಫ್‌ಎಸ್‌ಸಿಗೂ 11 ಸ್ಥಾನ. ಮೊದಲನೆಯದರಲ್ಲಿ ಒಂದು ಅಕ್ಷರ ಹಿಗ್ಗಿ ಕುಗ್ಗಿದರೂ ಆ ಹಾಡು ಸಿಗುವುದಿಲ್ಲ. ಅಲ್ಲಿ ಎಕ್ಸಾಕ್ಟೇ ಗುರು. ಎರಡನೆಯದಕ್ಕೆ ಆ ಮಡಿ ಬೇಕಿಲ್ಲ. ಫಾರ್ಮು ತಯಾರಿಸುವ ಮಹನೀಯರಲ್ಲಿ ವಿನಂತಿ: ಪ್ಯಾನ್, ಐಎಫ್‌ಎಸ್‌ಸಿ ಖಾನೆಗಳಿಗೆ ಎಕ್ಸಾಕ್ಟ್ ಹಾಕಲೇಬೇಕೆಂಬ ಹಟವಿದ್ದರೆ, ಜನ ತುಂಬಿದ್ದಕ್ಕೆ ಮೊದಲು ಟ್ರಿಮ್, ಅಪ್ಪರ್ ಎರಡನ್ನೂ ಹಾಕಿ, ಆಮೇಲೆ ಹೋಲಿಸಿ.