ತೊಂಬತ್ತರವರೆಗೆ ಎಣಿಸಿದ ಕಳ್ಳ

ವೇಷ ಮರೆಸಿ ಕಂಪ್ಯೂಟರಿಗೆ ನುಗ್ಗುವ ಈಗಿನ ಟ್ರೋಜನ್‌ಗಳಿಗೆ ತಾಳ್ಮೆಯೇ ಇಲ್ಲ ಬಿಡಿ. ಕ್ಲಿಕ್ ಮಾಡಿದ್ದೇ ತಡ, ಮನೆ ಗುಡಿಸಿ ಹಾಕುತ್ತವೆ. 1989ರ ಡಿಸೆಂಬರ್‌ನಲ್ಲಿ ಬಂದದ್ದು ಮಾತ್ರ ಮಹಾ ಸಂಭಾವಿತ. ಏಡ್ಸ್ ಮಾಹಿತಿಯ ಫ್ಲಾಪಿಯ ವೇಷದಲ್ಲಿ, ಅಂಚೆಯಣ್ಣನ ಕೈಯಲ್ಲೇ, ಸುಮಾರು 20,000 ವಿಳಾಸಗಳಿಗೆ ಹೋಯಿತು. ಪ್ರಶ್ನೆ ಕೇಳಿ, ರೋಗ ತಗಲುವ ಸಾಧ್ಯತೆ ಎಷ್ಟೆಂದೂ ಹೇಳುತ್ತಿತ್ತು. ಒಳಗೊಳಗೇ, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನಾಗಿ ಓಡುವ ಆಟೋಎಕ್ಸೆಕ್ ಕಡತದ ಜಾಗದಲ್ಲಿ ತಾನು ಕೂತು, ಕಂಪ್ಯೂಟರ್ ಎಷ್ಟು ಸಲ ಆನ್ ಆಯಿತೆಂದು ಲೆಕ್ಕ ಇಡುತ್ತಿತ್ತು. 90 ಆಯಿತೋ, ಕಡತಗಳ ಹೆಸರೆಲ್ಲ ಕಲಸುಮೇಲೋಗರ! ಪರದೆಯ ಮೇಲೆ ಅಪ್ಪಣೆ: 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಿ.

ತಮಾಷೆಯೆಂದರೆ, ದುಡ್ಡು ಕೊಡದಿದ್ದರೆ ನಿಮ್ಮ ಪ್ರೋಗ್ರಾಮ್‌ಗಳಿಗೆ ತೊಂದರೆ ಎಂದು ಜೊತೆಗಿದ್ದ ಚೀಟಿಯಲ್ಲೇ ಅಚ್ಚಾಗಿತ್ತು. ಷರತ್ತು ಓದುವ ಪುಣ್ಯಾತ್ಮರು ಆಗಲೂ ಅಪರೂಪವೇ.

ಇಂಗ್ಲೆಂಡಿನ ವೈರಸ್ ತಜ್ಞ ಜಿಮ್ ಬೇಟ್ಸ್ ಈ ಟ್ರೋಜನನ್ನು ಬಿಚ್ಚಿ ನೋಡಿದರೆ, ಕೆಟ್ಟದ್ದು ಹೆಸರು ಮಾತ್ರ. ಕಡತದೊಳಗಿನ ಸರಕು ಕ್ಷೇಮ! ಹೆಸರುಗಳನ್ನು ವಾಪಸು ತರುವ ಪ್ರೋಗ್ರಾಮನ್ನೂ ಆತ ಬರೆದ.

ಇಷ್ಟಕ್ಕೂ ಇದರ ಆರೋಪ ಹೊತ್ತವನು ಕಂಪ್ಯೂಟರ್ ಪಂಡಿತನಲ್ಲ, ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ. ಬಬೂನ್ ಕೋತಿಗಳ ಮೇಲೆ ಸಂಶೋಧನೆ ಮಾಡಿದವನಂತೆ. ಮನುಷ್ಯರು ಸಿಕ್ಕಿದ್ದನ್ನೆಲ್ಲ ತೂರಿಸಿ ನೋಡುತ್ತಾರೆಂಬ ಜ್ಞಾನೋದಯ ಅಲ್ಲೇ ಆಗಿರಬೇಕು.