ಆಕ್ಸೊಲಾಟಲ್ ಸಹವಾಸ ಮೀಮಾಂಸೆ

ಆಕ್ಸೊಲಾಟಲ್ ಮೀನಲ್ಲ, ಹಲ್ಲಿಯಲ್ಲ, ಗೊದಮೊಟ್ಟೆಯೂ ಅಲ್ಲ; ಆದರೆ ಅದನ್ನು ಮೊದಲ ಸಲ ನೋಡಿದ ನೆಂಟರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳದೆ ಕಾಫಿ ಮುಟ್ಟುವುದಿಲ್ಲ. ಶಾಸ್ತ್ರರೀತ್ಯಾ ಅದು ಆಂಬಿಸ್ಟೋಮಾ ಮೆಕ್ಸಿಕಾನಮ್ ಎಂಬ ಸಾಲಮ್ಯಾಂಡರ್, ಉಭಯವಾಸಿ, ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೊದ ಮೂಲನಿವಾಸಿ. ಪಕ್ಕದ ಚಾಲ್ಕೊ ಕೆರೆಯಲ್ಲೂ ಇತ್ತು. ಈಗ ಆ ಕೆರೆಯೇ ಇಲ್ಲ. ಉದ್ದ 20ರಿಂದ 30 ಸೆಂ.ಮೀ. ತಲೆಯ ಎರಡೂ ಬದಿಗೆ ಮೂರು ಮೂರು ಗರಿಗಳಂಥ ಕಿವಿರು, ರೆಪ್ಪೆಯಿಲ್ಲದ ಕಣ್ಣು, ಯಾವ ಸಂದರ್ಭದಲ್ಲೂ ಮಾಸದ ಮುಗುಳುನಗೆ. ಈ ನಗೆ ಬಾಯಿಯ ಆಕಾರದಿಂದ ಬಂದದ್ದೇ ಹೊರತು ಸ್ನೇಹಭಾವದಿಂದಲ್ಲ. ಪ್ರಸ್ತುತ ಶಾಸ್ತ್ರದಲ್ಲಿ ಆಗಿರುವ ಪ್ರಾಣಹಾನಿಯ ಬಹುಪಾಲು ಈ ಭೇದವನ್ನು ತಿಳಿಯದವರಿಂದ ಆದದ್ದು.

ಗಾಜಿನ ತೊಟ್ಟಿಯಲ್ಲಿ ಒಂಟಿಯಾಗಿರುವ ಆಕ್ಸೊಲಾಟಲ್‌ಗೆ ಜೊತೆಗಾರರನ್ನಾಗಿ ಯಾರನ್ನು ಬಿಡಬಹುದು ಎಂಬುದು ಮೀಮಾಂಸೆಯ ವಿಷಯ. ಆದರೆ ಪ್ರಶ್ನೆ ಯಾರದು? ಆಕ್ಸೊಲಾಟಲ್ ಅದನ್ನು ಕೇಳಿದ್ದಕ್ಕೆ ಸಾಕ್ಷಿಯಿಲ್ಲ. ಕೇಳುವವನು ತೊಟ್ಟಿಯೆದುರು ಕುರ್ಚಿ ಹಾಕಿಕೊಂಡು, ಒಳಗಿನ ಪ್ರಾಣಿ ಅರ್ಧ ಗಂಟೆಯಿಂದ ಅಲ್ಲಾಡಲಿಲ್ಲವೆಂದು "ಪಾಪ, ಬೇಜಾರಾಗಿದೆ" ಎಂದು ತೀರ್ಪು ಕೊಟ್ಟ ಯಜಮಾನ. ಹಗ್ಗದ ಮೇಲೆ ಹಾವನ್ನು ಕಂಡಂತೆ, ತನ್ನ ಬೇಜಾರನ್ನು ಇನ್ನೊಂದು ಜೀವದ ಮೇಲೆ ಕಾಣುವುದಕ್ಕೆ ವೇದಾಂತದಲ್ಲಿ ಅಧ್ಯಾರೋಪ ಎಂದು ಹೆಸರು. ಅಕ್ವೇರಿಯಂ ಅಂಗಡಿಯಲ್ಲಿ ಅದಕ್ಕೆ ವ್ಯಾಪಾರ ಎಂದು ಹೆಸರು.

ಪುರಾಣವೂ ಯಜಮಾನನ ಕಡೆಗಿಲ್ಲ. ಆಜ್‌ಟೆಕ್ ಕಥೆಯ ಪ್ರಕಾರ ಸೂರ್ಯನು ಚಲಿಸಲೆಂದು ದೇವತೆಗಳೆಲ್ಲ ಬಲಿಯಾಗಬೇಕಾಗಿ ಬಂದಾಗ ಶೋಲೋಟ್ಲ್ ಎಂಬ ದೇವರು ಅತ್ತು ಕರೆದು ಓಡಿಹೋದ. ಮೆಕ್ಕೆಜೋಳದ ಹೊಲದಲ್ಲಿ ಜೋಡಿ ದಂಟಿನ ಜೋಳವಾಗಿ ನಿಂತ, ಸಿಕ್ಕಿಬಿದ್ದ. ಜೋಡಿ ಭೂತಾಳೆಯಾದ, ಅಲ್ಲೂ ಸಿಕ್ಕಿಬಿದ್ದ. ಕೊನೆಗೆ ನೀರಿಗಿಳಿದು ಆಕ್ಸೊಲಾಟಲ್ ಆದ. ಅಲ್ಲಿಗೂ ಹುಡುಕಿಕೊಂಡು ಬಂದು ಹಿಡಿದು ಕೊಂದರು. ಹೆಸರಿನಲ್ಲಿರುವ 'ಅಟ್ಲ್' ಎಂದರೆ ನಾವಾಟ್ಲ್ ಭಾಷೆಯಲ್ಲಿ ನೀರು; ಉಳಿದದ್ದು ಆ ದೇವರ ಹೆಸರೇ. ಎರಡು ಸಲ ಜೋಡಿಯಾಗಿ ನಿಂತು ಕೆಟ್ಟವನು ಮೂರನೆಯ ಸಲ ಒಂಟಿಯಾದದ್ದನ್ನು ವ್ಯಾಖ್ಯಾನಕಾರರು ಗಮನಿಸಬೇಕು.

ಪ್ರಾಣಿಯ ಸ್ವಭಾವವನ್ನು ಕುರಿತು ಇಷ್ಟು ತಿಳಿದರೆ ಸಾಕು: ಅದು ದೊಡ್ಡದಾಗುವುದಿಲ್ಲ. ಮೈ ಬೆಳೆಯುತ್ತದೆ, ಸುಮಾರು ಒಂದು ವರ್ಷಕ್ಕೆ ಸಂತಾನಶಕ್ತಿಯೂ ಬರುತ್ತದೆ, ಆದರೆ ಕಿವಿರು ಕಳಚಿ ನೆಲಕ್ಕೆ ಹತ್ತುವ ರೂಪಾಂತರ ಮಾತ್ರ ಸಾಮಾನ್ಯವಾಗಿ ನಡೆಯುವುದಿಲ್ಲ. ಮೆಕ್ಸಿಕೊದಿಂದ 1864ರಲ್ಲಿ ಪ್ಯಾರಿಸ್ ತಲುಪಿದ 34 ಆಕ್ಸೊಲಾಟಲ್‌ಗಳ ಪೈಕಿ ಆರು ಪ್ರಾಣಿಶಾಸ್ತ್ರಜ್ಞ ಒಗಸ್ಟ್ ಡ್ಯುಮೆರಿಲ್ ಅವರಿಗೆ ಸಿಕ್ಕವು: ಐದು ಗಂಡು, ಒಂದು ಹೆಣ್ಣು. ಮಹಾಭಾರತ ಓದಿದವರಿಗೆ ಈ ಲೆಕ್ಕ ಹೊಸದಲ್ಲ. 1865ರಲ್ಲಿ ಮರಿಗಳಾದವು, ಅವುಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲದ ಸಾಲಮ್ಯಾಂಡರ್‌ಗಳೇ ಆಗಿಬಿಟ್ಟವು. ಮಕ್ಕಳು ದೊಡ್ಡವರಾದರು, ಅಪ್ಪ ಅಮ್ಮ ಮಕ್ಕಳಾಗಿಯೇ ಉಳಿದರು. ಇದು ಥೈರಾಯ್ಡ್ ಹಾರ್ಮೋನಿನ ಆಟವೆಂದು ತಿಳಿಯಲು ವಿಜ್ಞಾನಕ್ಕೆ ಇನ್ನೂ ಹಲವು ದಶಕ ಬೇಕಾಯಿತು.

ಇನ್ನು ಸಾಲಾವಳಿ. ವಧೂವರರಿಗೆ ಹಲವು ಕೂಟಗಳನ್ನು ನೋಡುವುದುಂಟು. ಇಲ್ಲಿ ಮೂರೇ ಸಾಕು.

ಮೊದಲನೆಯದು ತಾಪಕೂಟ. ಆಕ್ಸೊಲಾಟಲ್‌ಗೆ ಬೇಕಾದ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಅದರ ಜೀವಕ್ಕೆ ಸಂಕಟ. ಬೆಂಗಳೂರಿನ ಏಪ್ರಿಲ್‌ನಲ್ಲಿ ಈ ಕೂಟ ಕೂಡಿಬರಬೇಕಾದರೆ ಚಿಲ್ಲರ್ ಯಂತ್ರವೇ ಬೇಕು, ಅದರ ಹಿಂದೆಯೇ ವಿದ್ಯುತ್ ಬಿಲ್ಲೂ ಬರುತ್ತದೆ. ಕಾಯಿಲೆ ಬಿದ್ದ ಆಕ್ಸೊಲಾಟಲನ್ನು ಮುಚ್ಚಳದ ಡಬ್ಬಿಯಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿಡುವ ಚಿಕಿತ್ಸೆಯೂ ಕೆಲವು ಸಾಕಣೆದಾರರಲ್ಲಿ ರೂಢಿಯಲ್ಲಿದೆ. ಇಡ್ಲಿ ಹಿಟ್ಟಿನ ಪಾತ್ರೆಯ ಪಕ್ಕದ ಡಬ್ಬಿಯನ್ನು ತೆರೆಯಬಾರದೆಂದು ಅತ್ತೆಯವರಿಗೆ ಮುಂಚಿತವಾಗಿ ತಿಳಿಸುವುದು ಇಲ್ಲಿ ಅವಶ್ಯ ಕರ್ಮ.

ಎರಡನೆಯದು ಬಾಯಿಕೂಟ, ಮೂರನೆಯದು ಕಿವಿರುಕೂಟ. ಎರಡನ್ನೂ ಒಂದೇ ಸೂತ್ರದಲ್ಲಿ ಹೇಳಬಹುದು: ಬಾಯಿಗೆ ಹಿಡಿಸುವುದು ಅನ್ನ; ಹಿಡಿಸದ್ದಕ್ಕೆ ತಾನೇ ಅನ್ನ. ವೃತ್ತಿ: ಆಕ್ಸೊಲಾಟಲ್ ಅಗಿಯುವುದಿಲ್ಲ. ತಟ್ಟನೆ ಬಾಯಿ ತೆರೆದು ನೀರಿನ ಸಮೇತ ಎದುರಿಗಿದ್ದದ್ದನ್ನು ಒಳಗೆಳೆದುಕೊಳ್ಳುತ್ತದೆ. ಅದು ಎರೆಹುಳುವೋ, ಮಿತ್ರನೋ, ಕಲ್ಲಿನ ಹರಳೋ ಎಂಬ ವಿಚಾರ ಆಮೇಲಿನದು, ಹಲವು ಸಲ ಪಶುವೈದ್ಯರದು. ಆದಕಾರಣ ತೊಟ್ಟಿಯ ತಳದಲ್ಲಿ ನುಣುಪು ಮರಳಿರಬೇಕು, ಇಲ್ಲವೇ ಏನೂ ಇರಬಾರದು. ಬಾಯಿಗಿಂತ ದೊಡ್ಡದಾದ ಜೊತೆಗಾರನಿಗೆ ನೀರಿನಲ್ಲಿ ತೂಗಾಡುವ ಕೆಂಪು ಕಿವಿರು ಹುಳುಗಳ ಗೊಂಚಲಿನಂತೆ ಕಾಣುತ್ತದೆ. ಕಂಡದ್ದನ್ನು ಅವನು ಕಚ್ಚಿ ನೋಡುತ್ತಾನೆ.

ಇಲ್ಲಿ ಪೂರ್ವಪಕ್ಷಗಳು. ಗಪ್ಪಿ ಇರಲಿ ಎಂದರೆ, ಅದು ಬೆಚ್ಚನೆಯ ನೀರಿನದು ಮತ್ತು ಬಾಯಳತೆಯದು. ವಾದ ಎರಡು ಕಡೆಯಿಂದಲೂ ಬಿತ್ತು. ಗೋಲ್ಡ್‌ಫಿಶ್ ತಣ್ಣೀರಿಗೆ ಒಗ್ಗುತ್ತದೆಯಲ್ಲ ಎಂದು ವಾದಿ ಉತ್ಸಾಹದಿಂದ ಏಳುತ್ತಾನೆ. ಒಗ್ಗುತ್ತದೆ. ಜೊತೆಗೆ ಕಿವಿರು ಕಿತ್ತು ತಿನ್ನುತ್ತದೆ, ನೀರನ್ನು ಬೇಗ ಕೆಡಿಸುತ್ತದೆ, ಮರಿಯಾಗಿದ್ದಾಗ ನುಂಗಿಸಿಕೊಂಡರೆ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವನ್ನೂ ದಾನ ಮಾಡಿ ಹೋಗುತ್ತದೆ. ಬದುಕಿದರೂ ಸತ್ತರೂ ಕೇಡು ಮಾಡುವ ಇಂಥ ಸಂಬಂಧಿ ಪ್ರತಿ ವಂಶದಲ್ಲೂ ಒಬ್ಬನಿರುತ್ತಾನೆ. ಗಾಜಿನ ಪಾಚಿ ತಿನ್ನಲೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಹಗಲೆಲ್ಲ ಸಭ್ಯವಾಗಿದ್ದು, ರಾತ್ರಿ ಆಕ್ಸೊಲಾಟಲ್‌ನ ಲೋಳೆಮೈಗೆ ಅಂಟಿಕೊಂಡು ಹೀರುತ್ತದೆ. ಕೋರಿಡೊರಸ್ ಎಂಬ ಪುಟ್ಟ ಕ್ಯಾಟ್‌ಫಿಶ್ ಸಾಧು. ಆದರೆ ನುಂಗುವಾಗ ರೆಕ್ಕೆಯ ಮುಳ್ಳುಗಳನ್ನು ಸೆಟೆಸುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡು ನುಂಗಿದವನೂ ನುಂಗಿಸಿಕೊಂಡವನೂ ಒಟ್ಟಿಗೆ ಸಾಯುವುದುಂಟು. ದೊಡ್ಡ ಬಸವನಹುಳುವಿನ ಚಿಪ್ಪು ಹೊಟ್ಟೆಯಲ್ಲಿ ಕರಗದೆ ಕೂರುತ್ತದೆ. ಸಿಗಡಿಗೆ ವಾದವೇ ಬೇಡ, ಅದು ತಿಂಡಿ.

ಚೀನಾ ಮೂಲದ ವೈಟ್ ಕ್ಲೌಡ್ ಎಂಬ ಸಣ್ಣ ಮೀನಿನ ವಿಷಯದಲ್ಲಿ ಮಾತ್ರ ಪಂಡಿತರು ಸ್ವಲ್ಪ ಮೆತ್ತಗಾಗುತ್ತಾರೆ. ತಣ್ಣೀರಿನದು, ಚುರುಕಿನದು, ಕಚ್ಚುವುದಿಲ್ಲ, ಮುಳ್ಳಿಲ್ಲ. ಆಕ್ಸೊಲಾಟಲ್ ಅದನ್ನು ತಿನ್ನುವುದೂ ಉಂಟು; ತಿಂದರೆ ತೊಂದರೆಯಿಲ್ಲ. ಇದರಿಂದ ಶಾಸ್ತ್ರಕ್ಕೆ ಬಹುಕಾಲ ಸಿಗದಿದ್ದ ಲಕ್ಷಣವಾಕ್ಯವೊಂದು ಸಿಕ್ಕಿತು: ನುಂಗಿದರೂ ಅಜೀರ್ಣವಾಗದವನೇ ಸುರಕ್ಷಿತ ಜೊತೆಗಾರ. ಇದು ಆಕ್ಸೊಲಾಟಲ್‌ಗೆ ಸುರಕ್ಷಿತ. ಜೊತೆಗಾರನ ಅಭಿಪ್ರಾಯ ಈ ಶಾಸ್ತ್ರದ ವ್ಯಾಪ್ತಿಯ ಹೊರಗಿನದು.

ಸ್ವಜಾತಿಯಾದರೂ ಆದೀತಲ್ಲ ಎಂಬುದು ಕೊನೆಯ ಪೂರ್ವಪಕ್ಷ. ಆದೀತು, ಷರತ್ತುಗಳ ಮೇಲೆ. ಮರಿಗಳು ಒಂದರ ಕಾಲನ್ನು ಇನ್ನೊಂದು ಕಚ್ಚಿ ತುಂಡರಿಸುತ್ತವೆ. ಕಾಲು ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಕಲೆಯೂ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಪ್ರಯೋಗಾಲಯಗಳು ಈ ಪ್ರಾಣಿಯನ್ನು ಬಿಡವು. ಅದರ ಜೀನೋಮ್ 3,200 ಕೋಟಿ ಅಕ್ಷರಗಳದು, ಮನುಷ್ಯನದರ ಹತ್ತು ಪಟ್ಟು, 2018ರಲ್ಲಿ ಪ್ರಕಟವಾಯಿತು. ಇಷ್ಟು ದೊಡ್ಡ ಗ್ರಂಥವಿದ್ದೂ ಅಣ್ಣನ ಕಾಲು ಎರೆಹುಳುವಲ್ಲ ಎಂಬ ತಿಳಿವಳಿಕೆ ಮರಿಗೆ ಬಾರದಿರುವುದು ಓದಿಗೂ ಬುದ್ಧಿಗೂ ಇರುವ ಸಂಬಂಧದ ಚರ್ಚೆಯಲ್ಲಿ ಉಪಯೋಗಕ್ಕೆ ಬಂದೀತು. ಬೆಳೆದವು, ಒಂದೇ ಗಾತ್ರದವು, ಒಂದೇ ಲಿಂಗದವು ಆಗಿದ್ದು, ತೊಟ್ಟಿ ದೊಡ್ಡದಿದ್ದರೆ ಎರಡು ಒಟ್ಟಿಗಿರುತ್ತವೆ. ಗಂಡು ಹೆಣ್ಣು ಕೂಡಿದರೆ ನೂರರಿಂದ ಸಾವಿರದವರೆಗೆ ಮೊಟ್ಟೆ, ಹೆಣ್ಣು ಬಸವಳಿಯುತ್ತದೆ. ಇವು ಹತ್ತರಿಂದ ಹದಿನೈದು ವರ್ಷ ಬದುಕುತ್ತವೆ. ಭಾರತದಲ್ಲಿ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯಂತೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು ಸಾಕುವವರು ಅವನ್ನು ನೋಂದಾಯಿಸಬೇಕು. ಸಂತಾನವಾದರೆ ಅದರ ಲೆಕ್ಕವನ್ನೂ ಒಪ್ಪಿಸಬೇಕು, ಸಾವಿರವಾದರೆ ಸಾವಿರದ್ದೂ.

ಈ ಶಾಸ್ತ್ರದ ಅತಿ ದೊಡ್ಡ ಪ್ರಯೋಗ ನಡೆದದ್ದು ಗಾಜಿನ ತೊಟ್ಟಿಯಲ್ಲಲ್ಲ, ಸೋಚಿಮಿಲ್ಕೊದಲ್ಲೇ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಜನರ ಆಹಾರಕ್ಕಾಗಲಿ ಎಂಬ ಸದುದ್ದೇಶದಿಂದ ಅಲ್ಲಿನ ಕಾಲುವೆಗಳಿಗೆ ಕಾರ್ಪ್ ಮತ್ತು ಟಿಲಾಪಿಯಾ ಮೀನುಗಳನ್ನು ಬಿಡಲಾಯಿತು. ಸಾಲಾವಳಿ ಯಾರೂ ನೋಡಿರಲಿಲ್ಲ. ಬಂದ ಜೊತೆಗಾರರು ಆಕ್ಸೊಲಾಟಲ್‌ನ ಮೊಟ್ಟೆಗಳನ್ನೂ ಮರಿಗಳನ್ನೂ ತಿಂದರು. ನಗರದ ಕೊಳೆನೀರು ಉಳಿದದ್ದನ್ನು ನೋಡಿಕೊಂಡಿತು. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಇಳಿಯಿತು. ಮೂವತ್ತಾರು ಗುಣ ಕೂಡಿಬಂದರೆ ಉತ್ತಮ ಎನ್ನುವ ಜ್ಯೋತಿಷಿಗಳ ಮಾತು ಈ ಲೆಕ್ಕಕ್ಕೆ ಅನ್ವಯಿಸುವುದಿಲ್ಲ. ಅದೇ ಹೊತ್ತಿಗೆ ಜಗತ್ತಿನ ಪ್ರಯೋಗಾಲಯಗಳಲ್ಲೂ ಮನೆಗಳಲ್ಲೂ ಲಕ್ಷಾಂತರ ಆಕ್ಸೊಲಾಟಲ್‌ಗಳು ನಗುತ್ತಿದ್ದವು. 2021ರಲ್ಲಿ ಮೆಕ್ಸಿಕೊದ 50 ಪೆಸೊ ನೋಟಿನ ಮೇಲೂ ಒಂದು ಬಂದು ಕೂತಿತು, ಒಂಟಿಯಾಗಿ.

ಸಿದ್ಧಾಂತವನ್ನು ಕೊನೆಗೆ ಜಾರಿಗೆ ತಂದವರು ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಚಿನಾಂಪ ಎಂಬ ನೀರತೋಟಗಳ ರೈತರು. ಅವರು ಜೊತೆಗಾರರನ್ನು ಹುಡುಕಲಿಲ್ಲ. ತೋಟಗಳ ನಡುವಿನ ಕಿರುಗಾಲುವೆಗಳ ಬಾಯಿಗೆ ನೀರು ಸೋಸುವ ತಡೆಗಳನ್ನು ಕಟ್ಟಿದರು. ತಡೆಯೊಳಗೆ ಆಕ್ಸೊಲಾಟಲ್, ಮೀನುಗಳೆಲ್ಲ ಹೊರಗೆ.