ದಂಡ

(ರಬಕವಿ. ನಸುಕಿನ ಚಾದಂಗಡಿ. ತಮ್ಮ ಮೋಟಾರ್‌ಸೈಕಲ್ ಮೇಲಿಂದ ಇಳಿಯುತ್ತಾನೆ. ಬೂಟು ಎಷ್ಟು ಹೊಸದೆಂದರೆ, ಬೆಲೆಚೀಟಿ ಇನ್ನೂ ತೂಗುತ್ತಿದೆ.)

ಕಾಕಾ: ಏನೋ ತಮ್ಮಾ, ಇಷ್ಟ ಲಗೂ? ಯಾರರ ಹೋದ್ರೇನು?

ತಮ್ಮ: ವಾಕಿಂಗ್ ಹೊಂಟೇನ್ರಿ.

ಕಾಕಾ: ಗಾಡಿ ಮ್ಯಾಲ?

ತಮ್ಮ: ಗ್ರೌಂಡ್ ದೂರ ಐತ್ರಿ. ನಡಕೋತ ಹೋದ್ರ ದಣಿವಾಗಿ ವಾಕಿಂಗ್ ತಪ್ಪತೈತಿ.

ಕಾಕಾ: ಖರೇ. ಮೊದಲ ಗರಡಿಮನ್ಯಾಗ ದಂಡ ಹೊಡೀತಿದ್ದಿ.

ತಮ್ಮ: ಈಗ ಜಿಮ್ ರೀ. ವರ್ಷದ ಫೀ ಒಮ್ಮೆಕ ತುಂಬೇನಿ.

ಕಾಕಾ: ಹೋಗತೀಯೇನು?

ತಮ್ಮ: ತುಂಬಾಕ ಹೋಗಿದ್ನಲ್ರಿ!

ಕಾಕಾ: ಅಂದ್ರ ದಂಡ ಬಿಟ್ಟಿಲ್ಲ. ಆವಾಗ ಹೊಡೀತಿದ್ದಿ, ಈಗ ಕಟ್ಟತಿ.

ತಮ್ಮ: ಈ ಗಡಿಯಾರ ನೋಡ್ರಿ, ಹೆಜ್ಜಿ ಎಣಸತೈತಿ. ಕೈ ಅಳ್ಳಾಡಿಸಿದ್ರೂ ಸಾಕು.

ಕಾಕಾ: ನಿಮ್ಮಜ್ಜ ಕುಣಿಮಗ್ಗದಾಗ ಕುಂತು ಕಾಲಲೆ ತುಳದು, ಕೈಲೆ ಲಾಳಿ ಹೊಡೀತಿದ್ದ. ಇದನ್ನ ಕಟ್ಟಿದ್ರ ಒಂದ ಸೀರಿ ಇಳಿಯೂದ್ರಾಗ ಕುಂತಲ್ಲೇ ಮುಧೋಳ ಮುಟ್ಟತಿದ್ದ.

ತಮ್ಮ: ಅದು ಕೆಲಸ ರೀ, ವ್ಯಾಯಾಮ ಅಲ್ಲ.

ಕಾಕಾ: ಹೌದ್ಹೌದು. ರೊಕ್ಕ ಬಂದ್ರ ಕೆಲಸ, ಹೋದ್ರ ವ್ಯಾಯಾಮ.

ಚಾದವ: ಹಂಗನಬ್ಯಾಡ್ರಿ. 2015ರಿಂದ ಪ್ರತಿ ಜೂನ್ 21ಕ್ಕ ಅಣ್ಣಾರು ಯೋಗ ತಪ್ಪಿಸಿಲ್ಲ. ಫೋಟೋ ಅದಾವು.

ಕಾಕಾ: ಉಳಿದ ದಿನ?

ಚಾದವ: ಶವಾಸನ.

ತಮ್ಮ: ಸಾಕ್ರಿ! ನಾಳಿಂದ ಗರಡಿಗೇ ಬರತೇನಿ.

ಕಾಕಾ: ಅದರಾಗ ನೂಲಿನ ಗಂಟ ಒಟ್ಟ್ಯಾರ. ಎತ್ತಿ ಹೊರಗ ಇಡು, ಮೈ ಸಡಲ ಆಗತೈತಿ.

ತಮ್ಮ: ಅದಕ್ಕೇನ್ರಿ, ಇಬ್ರು ಹಮಾಲರನ್ನ ಹಚ್ಚತೇನಿ.